ಕಾಪಿ ಮಾಡಬಾರದು

ನಮ್ಮ ಸೇತುಮಾಧವನ ಮಾತನ್ನು ಆದೋನಿಯ ಜನ ಅವನ ಇಡೀ ಜನ್ಮದಲ್ಲಿ ಒಂದೇ ಒಂದು ಸಲ ಕೇಳಿದರು. ಅದನ್ನೂ ತಪ್ಪಾಗಿ ಕೇಳಿದರು. ಎಂಬತ್ತೆಂಟನೇ ಇಸವಿಯ ಮಾತು. ಆ ವರ್ಷ ಏಕಾದಶಿ ಬಂತೆಂದರೆ ನಮ್ಮ ಬೀದಿಯ ಗಂಡಸರು ತಲೆ ಹಿಡಿದುಕೊಂಡು ಕಟ್ಟೆಯ ಮೇಲೆ ಕೂರುತ್ತಿದ್ದರು, ಹೆಂಗಸರು ಕಾರಣವಿಲ್ಲದೆ ಪಾತ್ರೆ ಕುಕ್ಕುತ್ತಿದ್ದರು. ಆ ತಲೆನೋವು ನಾನೂ ತಿಂದವನು. ಆದ್ದರಿಂದ ಅವನ ಮೇಲೆ ನನಗೆ ಇವತ್ತಿಗೂ ಸ್ವಲ್ಪ ಸಿಟ್ಟಿದೆ. ಸಿಟ್ಟಿಗಿಂತ ಹೆಚ್ಚಿನದೂ ಒಂದಿದೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಸೇತು ನನ್ನ ಸೋದರತ್ತೆ ಅನ್ನಪೂರ್ಣಾಬಾಯಿಯ ಒಬ್ಬನೇ ಮಗ. ಕೋಟೆ ಗುಡ್ಡದ ಕೆಳಗಿನ ಬೀದಿಯಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ದೇವರು ಅವನಿಗೆ ಲೆಕ್ಕ ಕೊಟ್ಟ, ದನಿ ಕೊಡುವುದನ್ನು ಮರೆತ. ಬಸ್ಸಿನಲ್ಲಿ ‘ಇಳೀತೀನ್ರಿ’ ಎಂದದ್ದು ಕಂಡಕ್ಟರಿಗೆ ಕೇಳಿಸದೆ ಮುಂದಿನ ಊರಿನ ತನಕ ಹೋಗಿ ನಡೆದುಕೊಂಡು ವಾಪಸು ಬರುತ್ತಿದ್ದ. ಪಂಕ್ತಿಯಲ್ಲಿ ಅವನು ಸಾಕು ಅಂದದ್ದು ಬಡಿಸುವವರ ಕಿವಿಗೆ ಬೀಳುವಷ್ಟರಲ್ಲಿ ಎಲೆಯ ಮೇಲೆ ಅನ್ನ ಗುಡ್ಡವಾಗಿರುತ್ತಿತ್ತು. ರಾಯಚೂರಿನಿಂದ ಒಂದು ಸಂಬಂಧ ಬಂದಾಗ ಹುಡುಗಿಯ ತಂದೆ ‘ಒಪ್ಪಿಗೆ ಏನಪಾ?’ ಎಂದು ಕೇಳಿದರು. ಇವನು ಹೂಂ ಅಂದದ್ದು ಇವನಿಗೆ ಮಾತ್ರ ಕೇಳಿಸಿತು. ಅವರು ಮುಖ ಸಣ್ಣದು ಮಾಡಿಕೊಂಡು ಮಧ್ಯಾಹ್ನದ ರೈಲಿಗೆ ಹೊರಟುಹೋದರು. ನಲವತ್ತು ದಾಟಿದರೂ ಅವನಿಗೆ ಮದುವೆಯಾಗಲಿಲ್ಲ.

ನಮ್ಮತ್ತೆ ಅವನಿಗೆ ತದ್ವಿರುದ್ಧ. ಮಾತು ಕಡಿಮೆ, ಆದರೆ ಆಡಿದ ಮಾತು ಬೀದಿಯ ಆ ತುದಿಗೆ ಮುಟ್ಟುತ್ತಿತ್ತು. ಎಪ್ಪತ್ತರ ಹತ್ತಿರದ ವಿಧವೆ. ಒಪ್ಪತ್ತಿನ ಊಟ, ಎರಡು ಸೀರೆ, ಇಷ್ಟೇ ಸಂಸಾರ. ಒಂದು ಚಟ ಮಾತ್ರ ಇತ್ತು, ಕಾಫಿ. ಬೀಜ ತಾನೇ ಹುರಿದು, ತಾನೇ ಪುಡಿ ಮಾಡಿ, ಹಿತ್ತಾಳೆ ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಸಿ ಕುಡಿಯುತ್ತಿದ್ದಳು. ಏಕಾದಶಿಯಂದು ಅನ್ನ, ಅವಲಕ್ಕಿ, ಹಣ್ಣು, ಏನನ್ನೂ ಮುಟ್ಟುತ್ತಿರಲಿಲ್ಲ. ಬೆಳಿಗ್ಗೆ ಒಂದು ಲೋಟ, ಮಧ್ಯಾಹ್ನ ಒಂದು ಲೋಟ ಕಾಫಿ, ಅದರ ಮೇಲೇ ಮರುದಿನದ ಪಾರಣೆಯವರೆಗೆ ನಡೆಸುತ್ತಿದ್ದಳು. ಕಾಫಿ ಧಾನ್ಯವಲ್ಲ, ಬೀಜ. ಆದ್ದರಿಂದ ನಡೆಯುತ್ತದೆ ಎಂಬುದು ನಮ್ಮ ಬೀದಿಯ ಬಹುಮತ. ನಾನೂ ಬಹುಮತದ ಪಕ್ಷದವನೇ.

ಸೇತು ಗುಮಾಸ್ತನಾಗಿದ್ದದ್ದು ಬಜಾರಪ್ಪನವರ ಹತ್ತಿ ಮಿಲ್ಲಿನಲ್ಲಿ. ಎದುರಿನ ಮಿಲ್ಲಿನವರು ಕಂಪ್ಯೂಟರ್ ತಂದರೆಂದು ಬಜಾರಪ್ಪನವರೂ ಒಂದು ತಂದರು. ಏನಕ್ಕೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಹತ್ತಿಯ ಧೂಳು ಕೂತೀತೆಂದು ಅದಕ್ಕೆ ಬೇರೆ ಕೋಣೆ, ತಣ್ಣಗಿನ ಗಾಳಿ, ಬಾಗಿಲಲ್ಲಿ ಚಪ್ಪಲಿ ಬಿಡುವ ನಿಯಮ. ಯಂತ್ರದ ಹಣೆಗೆ ಬಜಾರಪ್ಪನವರ ಹೆಂಡತಿ ಅರಿಶಿನ ಕುಂಕುಮ ಹಚ್ಚಿದರು; ಪರದೆ ಸ್ವಚ್ಛ ಮಾಡಲು ಸೇತುವಿಗೆ ಒಂದು ಮಧ್ಯಾಹ್ನ ಬೇಕಾಯಿತು. ಕಲಿತು ಬರಲು ಹೈದರಾಬಾದಿಗೆ ಅವನನ್ನೇ ಕಳಿಸಿದರು. ಜಾಣನೆಂದಲ್ಲ, ಬೇರೆ ಯಾರನ್ನು ಕಳಿಸಿದರೂ ಸಂಬಳ ಜಾಸ್ತಿ ಕೇಳುತ್ತಾರೆಂದು.

ಕಲಿತು ಬಂದವನು ಮಿಲ್ಲಿನ ಲೆಕ್ಕ ಮುಗಿಸಿ, ರಜೆಯ ದಿನ ತನ್ನದೇ ಒಂದು ಕೆಲಸಕ್ಕೆ ಕೂತ. ಅವನ ಸೋದರಮಾವ, ಅಂದರೆ ನಮ್ಮಪ್ಪ, ಚಿಕ್ಕಂದಿನಲ್ಲಿ ಕಲಿಸಿದ್ದ ತಿಥಿ ನಕ್ಷತ್ರದ ಗಣಿತವನ್ನು ಆ ಯಂತ್ರಕ್ಕೆ ಹೇಳಿಕೊಡತೊಡಗಿದ. ವರ್ಷಕ್ಕೂ ಮೇಲೆ ಹಿಡಿಯಿತು. ಕೊನೆಗೆ ಒಂದು ದಿನ ತಿಂಗಳ ಹೆಸರು ಒತ್ತಿದರೆ ವಾರ, ತಿಥಿ, ನಕ್ಷತ್ರ, ಏಕಾದಶಿ ಎಲ್ಲಾ ಸಾಲಾಗಿ ಪ್ರಿಂಟರಿನಿಂದ ಕರಕರ ಎಂದು ಹೊರಗೆ ಬಂದವು. ಮಠದ ಪಂಚಾಂಗದ ಪಕ್ಕ ಇಟ್ಟು ನೋಡಿದರೆ ಒಂದು ಘಳಿಗೆಯೂ ಆಚೀಚೆ ಇಲ್ಲ. ಅವತ್ತು ಅವನು ‘ಬಂತು’ ಎಂದು ಕೂಗಿದನಂತೆ. ಮಿಲ್ಲಿನ ಕಾವಲಿನವನು ಬೆಂಕಿ ಬಿತ್ತೆಂದು ಬಕೆಟು ಹಿಡಿದು ಓಡಿಬಂದ.

ಬಳ್ಳಾರಿಯ ಒಬ್ಬ ಕ್ಯಾಲೆಂಡರ್ ಮುದ್ರಕರಿಗೆ ಸುದ್ದಿ ಮುಟ್ಟಿತು. ಬಂದು ನೋಡಿ, ತಲೆದೂಗಿ, ‘ಇದನ್ನ ನಾ ತಗೋತೀನ್ರಿ. ಕ್ಯಾಲೆಂಡರಿನ ಮ್ಯಾಲೆ, ಗಣಿತ ಸೇತುಮಾಧವರಾವ್, ಆದೋನಿ, ಅಂತ ನಿಮ್ಮ ಹೆಸರು ಅಚ್ಚು ಹಾಕಸ್ತೀನಿ. ಒಂದ ಮಾತು, ಇನ್ನೊಬ್ಬರ ಕೈಯಾಗ ಇದು ಇರಬಾರದು’ ಎಂದರು. ಮಳೆಗಾಲ ಶುರುವಾದ ಮೇಲೆ ಬಂದು ಮಾತು ಗಟ್ಟಿ ಮಾಡುವುದಾಗಿ ಹೇಳಿ ಹೋದರು. ಸೇತುವಿನ ಹೆಸರು ಅಲ್ಲಿಯವರೆಗೆ ಅಚ್ಚಾಗಿದ್ದದ್ದು ಓಟರ್ ಪಟ್ಟಿಯಲ್ಲಿ ಮಾತ್ರ. ಅದೂ ಸೀತಮಾಧವ ಎಂದು. ಅವತ್ತಿನಿಂದ ಅವನಿಗೆ ನಿದ್ದೆ ಇಲ್ಲ. ಆದೋನಿಯಲ್ಲಿ ಆಗ ಇದ್ದ ಕಂಪ್ಯೂಟರುಗಳನ್ನು ಒಂದೇ ಕೈಯ ಬೆರಳಲ್ಲಿ ಎಣಿಸಬಹುದಿತ್ತು, ಅವುಗಳಲ್ಲೂ ಒಂದಕ್ಕೆ ಹೊದ್ದಿಸಿದ ಬಟ್ಟೆಯನ್ನು ಇನ್ನೂ ಯಾರೂ ತೆಗೆದಿರಲಿಲ್ಲ. ಇಂಥ ಊರಿನಲ್ಲಿ ತನ್ನ ಪ್ರೋಗ್ರಾಮನ್ನು ಯಾರೋ ಕಾಪಿ ಹೊಡೆದುಬಿಟ್ಟಾರೆಂದು ಈ ಮನುಷ್ಯ ಒದ್ದಾಡತೊಡಗಿದ.

ಬೀಗ ಹಾಕಲು ಅವನು ಪಟ್ಟ ಪಾಡು ಒಂದೆರಡಲ್ಲ. ಪ್ರೋಗ್ರಾಮು ತುಂಬಿದ ಫ್ಲಾಪಿಗೆ ಒಂದು ಗುಟ್ಟಿನ ಜಾಗದಲ್ಲಿ ಸೂಜಿಯಿಂದ ಚುಚ್ಚಿದರೆ ಅಸಲಿಗೆ ಮಾತ್ರ ತೂತು ಇರುತ್ತದೆ, ಪ್ರೋಗ್ರಾಮು ತೂತು ಹುಡುಕಿ ನೋಡಿಕೊಂಡೇ ಮುಂದೆ ಹೋಗುತ್ತದೆ ಎಂದು ಹೈದರಾಬಾದಿನಲ್ಲಿ ಯಾರೋ ಹೇಳಿದ್ದರಂತೆ. ಮಿಲ್ಲಿನಲ್ಲಿ ಸಿಕ್ಕಿದ್ದು ಗೋಣಿಚೀಲ ಹೊಲಿಯುವ ದಬ್ಬಣ. ಅದರಿಂದ ಚುಚ್ಚಿದ. ಪ್ರೋಗ್ರಾಮಿಗೆ ತೂತು ಸಿಕ್ಕಿತು, ಉಳಿದದ್ದೇನೂ ಸಿಗಲಿಲ್ಲ. ಇನ್ನೊಂದು ಫ್ಲಾಪಿ ಇದ್ದದ್ದರಿಂದ ಬಚಾವಾದ.

ಆಮೇಲೆ ಗುಪ್ತ ಪದ ಇಟ್ಟ. ಶುರುವಿನಲ್ಲೇ ಯಂತ್ರ ‘ಗೋತ್ರ ಯಾವುದು?’ ಎಂದು ಕೇಳುತ್ತದೆ. ಸೇತುವಿನ ಗೋತ್ರ ಹೇಳದಿದ್ದರೆ ಮುಂದಕ್ಕೆ ಬಿಡುವುದಿಲ್ಲ. ಆ ಗೋತ್ರವನ್ನು ಇವನು ಬೆಳಿಗ್ಗೆ ಸಂಜೆ ಜಗಲಿಯ ಮೇಲೆ ಸಂಧ್ಯಾವಂದನೆ ಮಾಡುವಾಗ ಬೀದಿಗೆಲ್ಲ ಕಾಣುವ ಹಾಗೆ ಕೈಮುಗಿದು ಹೇಳಿಕೊಳ್ಳುತ್ತಿದ್ದ. ಕೇಳಿಸುತ್ತಿರಲಿಲ್ಲ, ಸರಿ. ಆದರೆ ನಮ್ಮಲ್ಲಿ ಯಾರ ಗೋತ್ರ ಯಾರಿಗೆ ಗೊತ್ತಿಲ್ಲ? ನಾನು ಇದನ್ನು ಹೇಳಿದಾಗ ಬೆಪ್ಪಾಗಿ ನನ್ನನ್ನೇ ನೋಡಿದ. ಮರುದಿನದಿಂದ ಫ್ಲಾಪಿಯನ್ನು ದೇವರ ಮನೆಯ ಗೂಡಿನಲ್ಲಿ ಮಡಿಯಲ್ಲಿ ಇಟ್ಟ. ಮೈಲಿಗೆಯಲ್ಲಿ ಇದ್ದವರು ಮುಟ್ಟುವಂತಿಲ್ಲ, ಮಡಿಯಲ್ಲಿ ಇದ್ದವರು ಪ್ಲಾಸ್ಟಿಕ್ ಮುಟ್ಟುವುದಿಲ್ಲ. ಬೀಗಗಳಲ್ಲೆಲ್ಲ ಇದೊಂದೇ ಸ್ವಲ್ಪ ಗಟ್ಟಿ ಅನ್ನಬೇಕು.

ಬಜಾರಪ್ಪನವರಿಗೆ ಇದೆಲ್ಲ ನೋಡಿ ನಗು. ಒಂದು ದಿನ ನಾನು ಮಿಲ್ಲಿಗೆ ಹೋಗಿದ್ದಾಗ ನನ್ನೆದುರೇ ಅಂದರು: ‘ಏಮಯ್ಯಾ ಸೇತು, ನನ್ನ ಗೋಡೌನಿಂದ ಒಂದು ಹತ್ತಿ ಬೇಲು ಕದ್ದೊಯ್ದ್ರ ನನ್ನ ತಾವ ಒಂದು ಬೇಲು ಕಮ್ಮಿ ಆಗತೈತಿ. ನಿನ್ನದು ಕದ್ದೊಯ್ದ ಮ್ಯಾಲೂ ನಿನ್ನ ತಾವನ ಐತಿ. ಇದ್ಯಾವ ಸೀಮಿ ಕಳವಯ್ಯಾ? ಇಂಥ ಕಳವು ನನ್ನ ಮಿಲ್ಲಿನಾಗ ದಿನಾ ಆಗ್ಲಿ.’

‘ಹಂಗಲ್ರಿ’ ಎಂದ ಸೇತು. ‘ಮಾಲು ಇರತದ. ಮಾಡಿದವ ಇರೂದಿಲ್ಲ.’

ಪಕ್ಕದಲ್ಲಿದ್ದ ನನಗೆ ಕೇಳಿಸಿತು. ಬಜಾರಪ್ಪನವರಿಗೆ ಕೇಳಿಸಲಿಲ್ಲ. ಅವರು ಮುಂದುವರಿಸಿ, ‘ಕಾಪಿ ಮಾಡಬ್ಯಾಡ್ರಿ ಅಂತ ಒಂದು ಮಾತು ಬರದು ಹಾಕು, ಸಾಕು. ಇಂಗ್ಲಿಷಿನಾಗ ಬರದ್ರ ಎವಡೂ ಓದಲ್ಲ. ನಮ್ಮ ಮಾತಿನಾಗ ಬರಿ’ ಎಂದರು.

ಈ ಸಲಹೆಯೇ ನಮ್ಮ ಬೀದಿಯನ್ನು ಹಾಳು ಮಾಡಿದ್ದು. ಆ ಪ್ರಿಂಟರಿಗೆ ಕನ್ನಡ ಅಕ್ಷರ ಬರುತ್ತಿರಲಿಲ್ಲ. ಸೇತು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡದ ಮಾತು ಬರೆದ: ಕಾಪಿ ಮಾಡಬಾರದು. ಎಲ್ಲಿ ಹಾಕುವುದು? ತಿಂಗಳ ಹಾಳೆಯಲ್ಲಿ ಜನ ಕಣ್ಣಿಟ್ಟು ನೋಡುವುದು ಏಕಾದಶಿಯ ಎರಡು ಸಾಲುಗಳನ್ನು ಮಾತ್ರ. ಅಲ್ಲಿ ಹಾಕಿದರೆ ತಪ್ಪದೆ ಓದುತ್ತಾರೆ ಎಂದು ಅಲ್ಲೇ ಹಾಕಿದ. ಚೈತ್ರ ಮಾಸದ ಹಾಳೆಯನ್ನು, ಹಿರಿಯರು ನೋಡಿ ತಪ್ಪಿದ್ದರೆ ಹೇಳಲಿ ಎಂದು, ಬೀದಿಯ ಮನೆಮನೆಗೂ ಕೊಟ್ಟ. ಅಡಿಗೆಮನೆಯ ಗೋಡೆಗಳಿಗೆ ಅಂಟಿಕೊಂಡ ಆ ಹಾಳೆಯಲ್ಲಿ ಹೀಗಿತ್ತು: ‘ಏಕಾದಶಿ. ಕಾಪಿ ಮಾಡಬಾರದು.’

ನಮ್ಮ ಕಡೆಯ ನಾಲಿಗೆಗೆ ಕಾಫಿ ಅನ್ನುವುದು ಬರುವುದಿಲ್ಲ. ನಾವು ಕುಡಿಯುವುದೂ ಕಾಪಿಯೇ, ಪರೀಕ್ಷೆಯಲ್ಲಿ ಹುಡುಗರು ಹೊಡೆಯುವುದೂ ಕಾಪಿಯೇ. ಹಾಳೆ ಓದಿದ ಹೆಂಗಸರು ಏಕಾದಶಿಯ ಬೆಳಿಗ್ಗೆ ಒಲೆಯ ಮೇಲಿಟ್ಟ ಹಾಲನ್ನು ಇಳಿಸಿದರು. ನಾನು ಎದ್ದು ಹಲ್ಲುಜ್ಜಿ ಕೂತರೆ ನನ್ನ ಮುಂದೆ ಒಂದು ಚೊಂಬು ನೀರು ಬಂತು.

‘ಕಾಪಿ?’ ಎಂದೆ.

‘ಇಲ್ಲ. ಕಂಪ್ಯೂಟರಿನಾಗ ಬಂದದ’ ಎಂದಳು ನನ್ನ ಹೆಂಡತಿ ಜಾನಕಿ. ಮಠದ ಸ್ವಾಮಿಗಳು ಹೇಳಿದ್ದರೂ ಅವಳು ಇಷ್ಟು ಭಯಭಕ್ತಿಯಿಂದ ಹೇಳುತ್ತಿರಲಿಲ್ಲ.

ನನಗೆ ಆ ಕ್ಷಣವೇ ತಿಳಿಯಿತು. ಗೋಡೆಯ ಆಚೆಗೆ ‘ಸೇತೂ’ ಎಂದು ಕೂಗಿದೆ. ಬಂದ. ಬಂದವನು ನನ್ನ ಹೆಂಡತಿಗೆ ವಿವರಿಸಿದ: ‘ಜಾನಕೀ, ಕಾಪಿ ಅಂದ್ರ ಕಾಪಿ ಅಲ್ಲ. ಕಾಪಿ.’

‘ಅದನ್ನ ನಾನೂ ಹೇಳೂದು’ ಎಂದಳು ಅವಳು.

‘ಕುಡಿಯೋ ಕಾಪಿ ಅಲ್ಲವಾ. ನಕಲು, ನಕಲು.’

ಅದು ಅರ್ಧ ಕೇಳಿಸಿತು. ಅವನು ಹೊರಗೆ ಹೋಗುವಷ್ಟರಲ್ಲಿ ಬೀದಿಯಲ್ಲಿ ಹೊಸ ಸುದ್ದಿ ಎದ್ದಿತ್ತು: ನಿಷೇಧ ಇರುವುದು ನಕಲಿ ಕಾಫಿಗೆ, ಅಂದರೆ ಚಿಕೋರಿ ಬೆರೆಸಿದ್ದಕ್ಕೆ. ಅಸಲಿ ಕಾಫಿ ನಡೆಯುತ್ತದೆ. ಒಂದು ಗಂಟೆ ನಮಗೆಲ್ಲ ಜೀವ ಬಂದಂತಾಯಿತು. ಆದರೆ ಯಾರ ಮನೆಯ ಡಬ್ಬಿಯಲ್ಲಿ ಎಷ್ಟು ಚಿಕೋರಿ ಇದೆ ಎಂದು ಬಾಯಿಬಿಟ್ಟು ಹೇಳಲು ಯಾವ ಹೆಂಗಸೂ ತಯಾರಿರಲಿಲ್ಲ. ಒಬ್ಬರ ಮನೆಯಿಂದ ಘಮ ಬಂದರೆ ಪಕ್ಕದವರು ಮೂಗರಳಿಸಿ ಪರೀಕ್ಷೆ ಮಾಡತೊಡಗಿದರು. ಕೊನೆಗೆ ಮಾನಕ್ಕೆ ಅಂಜಿ ಎಲ್ಲರೂ ಬಿಟ್ಟರು.

ಇದಕ್ಕೆ ಮುದ್ರೆ ಒತ್ತಿದವರು ಜಯತೀರ್ಥಾಚಾರ್ಯರು. ನಮ್ಮ ಬೀದಿಯ ಪುರೋಹಿತರು, ಸೇತುವಿನ ಮುಂಜಿ ಮಾಡಿಸಿದವರು. ಕಾಫಿ ಕುಡಿದವರಿಗೆ ಏಕಾದಶಿಯ ಫಲವಿಲ್ಲ ಎಂದು ಜೀವನವಿಡೀ ಹೇಳಿ ಹೇಳಿ, ಕೇಳಿದವರೆಲ್ಲ ಮನೆಗೆ ಹೋಗಿ ಕಾಫಿ ಕುಡಿದದ್ದನ್ನು ಕಂಡು ನೊಂದವರು. ಈಗ ಯಂತ್ರವೇ ತಮ್ಮ ಪಕ್ಷಕ್ಕೆ ಬಂತೆಂದು ಹತ್ತು ವರ್ಷ ಚಿಕ್ಕವರಾದರು. ಸೇತು ಹೋಗಿ ಬಿಡಿಸಿ ಹೇಳಿದ್ದಕ್ಕೆ, ‘ಏನಪಾ, ಮಂದಿ ಬೈತಾರಂತ ಹಿಂದ ಸರೀಲಿಕ್ಕೆ ಹತ್ತೀ? ಅಂಜಬ್ಯಾಡ. ನಾ ಇದ್ದೇನಿ’ ಎಂದು ಬೆನ್ನು ತಟ್ಟಿ ಕಳಿಸಿದರು.

ವೈಶಾಖದ ಹಾಳೆ ತೆಗೆಯುವಾಗ ಮಿಲ್ಲಿನ ಪ್ರಿಂಟರಿನ ರಿಬ್ಬನ್ ಒಣಗಿತು. ಊರಿನ ಏಕಾದಶಿಗೆಲ್ಲ ತಮ್ಮ ರಿಬ್ಬನ್ ಯಾಕೆ ಸವೆಯಬೇಕೆಂದು ಬಜಾರಪ್ಪನವರು ಕೈಯೆತ್ತಿದರು. ಸೇತು ಫ್ಲಾಪಿ ತೆಗೆದುಕೊಂಡು ಬಜಾರಿನಲ್ಲಿದ್ದ ದಸ್ತಗಿರಿಯ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಹೋದ. ದಸ್ತಗಿರಿ ಒಂದು ಕಂಪ್ಯೂಟರ್ ಇಟ್ಟಿದ್ದ, ಒಳ್ಳೆಯ ಮನುಷ್ಯ. ಹಾಳೆಗಳು ಬರುತ್ತಿರುವಾಗಲೇ ಮಿಲ್ಲಿನಿಂದ ಕರೆ ಬಂತು. ದಸ್ತಗಿರಿಯ ಅಂಗಡಿಯಲ್ಲೇ ಆಗ ಜಯತೀರ್ಥಾಚಾರ್ಯರು ಲಗ್ನಪತ್ರಿಕೆ ಟೈಪು ಮಾಡಿಸುತ್ತ ಕೂತಿದ್ದರು, ಅದೂ ಮಡಿಯಲ್ಲಿ. ಮಡಿಯಲ್ಲಿದ್ದವರು ಫ್ಲಾಪಿ ಮುಟ್ಟುವುದಿಲ್ಲವೆಂದು ನೆಮ್ಮದಿಯಿಂದ ಸೇತು, ‘ಆಚಾರ್ರ, ಇದರ ಮ್ಯಾಲೆ ಒಂದು ಕಣ್ಣಿಟ್ಟಿರ್ರಿ’ ಎಂದು ಹೇಳಿ ಓಡಿದ.

ಆಚಾರ್ಯರು ಮುಟ್ಟಲಿಲ್ಲ, ನಿಜ. ದೂರದಲ್ಲೇ ಕೂತು ದಸ್ತಗಿರಿಗೆ, ‘ಇದನ್ನ ಇನ್ನೊಂದರಾಗ ಇಳಿಸಿ ಇಟ್ಟುಕೊಳ್ಳಪಾ. ಮಂತ್ರಾಲಯಕ್ಕ, ಕೋಸಗಿಗೆ ಎಲ್ಲಾ ಕಡೆ ಕಳಿಸೋಣ, ಲೋಕ ಉದ್ಧಾರ ಆಗಲಿ’ ಎಂದರು.

ದಸ್ತಗಿರಿ ಪರದೆ ತೋರಿಸಿದ. ‘ಸ್ವಾಮಿ, ಇದರಾಗ ಕಾಪಿ ಮಾಡಬಾರದು ಅಂತ ಐತ್ರಿ.’ ಇಡೀ ಆದೋನಿಯಲ್ಲಿ ಆ ಸಾಲನ್ನು ಸರಿಯಾಗಿ ಓದಿ ಬಾಯಿಬಿಟ್ಟು ಹೇಳಿದವನು ಅವನೊಬ್ಬನೇ.

‘ಅದು ಏಕಾದಶಿಗೆ’ ಎಂದರು ಆಚಾರ್ಯರು. ‘ಇವತ್ತು ದಶಮಿ.’

ದಸ್ತಗಿರಿ ಯೋಚಿಸಿದ. ಹಿಂದೂಗಳ ಶಾಸ್ತ್ರ, ಪುರೋಹಿತರೇ ಹೇಳುತ್ತಿದ್ದಾರೆ, ದಶಮಿಗೆ ನಡೆಯುತ್ತದೇನೋ ಎಂದುಕೊಂಡ. ಇಳಿಸಿದ್ದನ್ನು ತೆರೆದಾಗ ಯಂತ್ರ ಗೋತ್ರ ಕೇಳಿತು; ಆಚಾರ್ಯರು ಸೇತುವಿನ ಗೋತ್ರವನ್ನು ಪ್ರವರದ ಸಮೇತ ಹೇಳಿದರು. ಎರಡು ನಿಮಿಷದಲ್ಲಿ ಕೆಲಸ ಮುಗಿಯಿತು.

ಆಮೇಲೆ ಹಾಳೆಗಳು ಮಂತ್ರಾಲಯದ ಲಾಡ್ಜುಗಳಲ್ಲಿ, ಕೋಸಗಿಯ ಸ್ಟೇಷನ್ನಿನಲ್ಲಿ, ಹಾಲಹರವಿಯ ಹೋಟೆಲಿನಲ್ಲಿ ಎಲ್ಲೆಲ್ಲೂ ಕಂಡವು. ಸೇತು ಗೊತ್ತಾದ ದಿನ ಬೆವರುತ್ತ ಆಚಾರ್ಯರ ಮನೆಗೆ ಓಡಿದ. ನಾನೂ ಜೊತೆಗಿದ್ದೆ.

‘ಕಾಪಿ ಮಾಡಬಾರದು ಅಂತ ಅಷ್ಟು ಸ್ಪಷ್ಟ ಬರದೇನಲ್ರಿ, ಆಚಾರ್ರ!’

‘ನಾ ಹುಟ್ಟಿದಾಗಿಂದ ಮಾಡಿಲ್ಲಪಾ’ ಎಂದರು ಅವರು ಶಾಂತವಾಗಿ. ‘ನಮ್ಮ ಮನ್ಯಾಗ ಪುಡಿನೂ ಇಲ್ಲ, ಫಿಲ್ಟರೂ ಇಲ್ಲ. ಬೇಕಾದ್ರ ಒಳಗ ಹೋಗಿ ನೋಡು.’

ನಾನು ನಕ್ಕೆ. ನಕ್ಕದ್ದಕ್ಕೆ ಸೇತು ನನ್ನನ್ನು ಬಿಟ್ಟು ಬೀದಿಯ ತುದಿಯವರೆಗೆ ಮುಂದೆ ನಡೆದ. ಅಲ್ಲಿ ನಿಂತು ಅಂದ: ‘ಅನಂತಾ, ಆ ಹಾಳಿ ಮ್ಯಾಲೆ ನನ್ನ ಹೆಸರೂ ಇಲ್ಲೋ. ಅದನ್ನ ಯಾರು ಮಾಡ್ಯಾರಂತ ಕೋಸಗ್ಯಾಗ ಒಬ್ಬರಿಗೂ ಗೊತ್ತಿಲ್ಲ.’ ಆಗ ನನಗೆ ನಗು ಬರಲಿಲ್ಲ. ಆದರೂ ಇನ್ನೂ ದಾರಿ ಇತ್ತು. ಹೊರಗೆ ಓಡಾಡುತ್ತಿದ್ದದ್ದು ಹಾಳೆ ಮಾತ್ರ, ಪ್ರೋಗ್ರಾಮಿನ ಪ್ರತಿ ದಸ್ತಗಿರಿಯ ಹತ್ತಿರ ಒಂದೇ ಇತ್ತು, ಅವನು ಕೇಳಿದರೆ ಅಳಿಸುವ ಮನುಷ್ಯ. ಬಳ್ಳಾರಿಯವರು ಬರುವುದಕ್ಕೂ ಸಮಯವಿತ್ತು.

ನಡುವೆ ನಾವಿಬ್ಬರೂ ಗಮನಿಸದೆ ಬಿಟ್ಟದ್ದು ಅತ್ತೆಯನ್ನು. ಅವಳೂ ಚೈತ್ರದಿಂದಲೇ ಏಕಾದಶಿಯ ಎರಡು ಲೋಟ ಬಿಟ್ಟಿದ್ದಳು. ಅನ್ನವಿಲ್ಲ, ಹಣ್ಣಿಲ್ಲ, ಈಗ ಕಾಫಿಯೂ ಇಲ್ಲ. ಹಣೆಗೆ ಬಟ್ಟೆ ಬಿಗಿದುಕೊಂಡು ಗೋಡೆಗೆ ಒರಗಿ ಕೂತಿರುತ್ತಿದ್ದಳು. ಸೇತು ಅವಳ ಮುಂದೆ ಕೂತು, ಕಾಪಿ ಅಂದರೆ ನಕಲು, ಕುಡಿಯುವುದಲ್ಲ, ನೀನು ಕುಡಿ ಎಂದು ಹೇಳಿದ. ಅವಳು ಎಲ್ಲಾ ಕೇಳಿಸಿಕೊಂಡು ‘ಇರಲಿ ಬಿಡು’ ಎಂದಳು. ಕುಡಿಯಲಿಲ್ಲ. ಹಠಮಾರಿ ಮುದುಕಿ ಎಂದು ನಾನು ಎದುರೇ ಬೈದೆ. ಅದಕ್ಕೂ ‘ಇರಲಿ ಬಿಡು’ ಎಂದಳು.

ಆ ವರ್ಷ ಜ್ಯೇಷ್ಠ ಅಧಿಕ ಬಂದಿತ್ತು. ಅಧಿಕ ಮಾಸದ ಬಿಸಿಲನ್ನು ಆದೋನಿಯಲ್ಲಿ ಕಂಡವರೇ ಬಲ್ಲರು. ಸೇತು ಹೆದರಿ ಅಧಿಕದ ಹಾಳೆಯಿಂದ ಆ ಸಾಲನ್ನೇ ಕಿತ್ತುಹಾಕಿದ. ತನ್ನ ಬೀಗವನ್ನು ತಾನೇ ತೆಗೆದ. ಸಾಲಿಲ್ಲದ ಹಾಳೆಯನ್ನು ಬೀದಿಗೆ ಹಂಚಿದ. ಏನಾಯಿತು ಗೊತ್ತೇ? ಒಂದು ಮನೆಯವರೂ ಒಪ್ಪಲಿಲ್ಲ. ‘ಇದು ನಕಲಿ. ಅಸಲಿ ಹಾಳಿಯೊಳಗ ಕಾಪಿ ಮಾಡಬಾರದು ಅಂತ ಇರತದ’ ಎಂದು ನನ್ನ ಹೆಂಡತಿಯೇ ತಿರುಗಿಸಿ ಕೊಟ್ಟಳು. ಎಲ್ಲರೂ ಆಚಾರ್ಯರ ಕಡೆಯ, ಅಂದರೆ ಕದ್ದ ಪ್ರತಿಯ ಹಾಳೆ ತಂದು ಗೋಡೆಗೆ ಅಂಟಿಸಿಕೊಂಡರು. ಕಾಪಿ ಮಾಡಬಾರದು ಎಂದು ಬರೆದಿದ್ದ ಕಾಪಿ ಅಸಲಿಯಾಯಿತು. ಮಾಡಿದವನು ಕೈಯಾರೆ ಕೊಟ್ಟದ್ದು ನಕಲಿಯಾಯಿತು. ಅತ್ತೆ ಕೂಡ ಮಗನ ಹಾಳೆಯನ್ನು ಕೈಯಲ್ಲಿ ಹಿಡಿದು ನೋಡಿ, ‘ಬೀದಿಯೆಲ್ಲಾ ಒಂದು ನಡಸೋವಾಗ ನಾ ಒಬ್ಬಾಕಿ ಬ್ಯಾರೆ ಹೆಂಗ ನಡಸಲಿ?’ ಎಂದು ಮಡಿಸಿ ಇಟ್ಟಳು.

ಅಧಿಕದ ಎರಡನೇ ಏಕಾದಶಿಯಂದು ತುಳಸಿಗೆ ನೀರು ಹಾಕಲು ಹೋದವಳು ಕಟ್ಟೆಯ ಬಳಿ ಬಿದ್ದಳು. ನಾನು ಗೋಡೆ ಹಾರಿ ಹೋದೆ. ಸೇತು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ‘ಅಮ್ಮಾ, ಅಮ್ಮಾ’ ಎನ್ನುತ್ತಿದ್ದ, ಅವನ ದನಿ ನಾಲ್ಕು ಮನೆಗೆ ಕೇಳಿಸುತ್ತಿತ್ತು. ಡಾಕ್ಟರು ಬಂದು ನಾಡಿ ನೋಡಿ, ಈ ವಯಸ್ಸಿನಲ್ಲಿ ಇಂಥ ಉಪವಾಸ ಆಗದು, ಒಂದು ಲೋಟ ಕಾಫಿಯಾದರೂ ಹೊಟ್ಟೆಗೆ ಹೋಗಲಿ, ಇನ್ನೊಮ್ಮೆ ಹೀಗೆ ಬಿದ್ದರೆ ನಾನೇನೂ ಹೇಳಲಾರೆ ಎಂದರು. ಅತ್ತೆ ಕಣ್ಣು ಬಿಟ್ಟು, ‘ಇವತ್ತು ಏಕಾದಶಿ, ಡಾಕ್ಟರ’ ಎಂದಳು.

ಮರುದಿನ ಸೇತು ನನ್ನನ್ನು ಕರೆದುಕೊಂಡು ದಸ್ತಗಿರಿಯ ಅಂಗಡಿಗೆ ಹೋದ. ಅಲ್ಲಿ ಕೂತು ಆ ಸಾಲಿನಲ್ಲಿ ಎರಡು ಅಕ್ಷರ ಬದಲಿಸಿದ. ಕಾಪಿ ಮಾಡಬಾರದು ಎಂದಿದ್ದದ್ದು ಕಾಪಿ ಮಾಡಬಹುದು ಎಂದಾಯಿತು. ಖಾಲಿ ಬಿಟ್ಟರೆ ಜನ ನಂಬುವುದಿಲ್ಲ, ಯಂತ್ರ ತಾನಾಗಿ ಬಾಯಿಬಿಟ್ಟು ಅಪ್ಪಣೆ ಕೊಡಬೇಕು ಎಂಬುದು ಅವನಿಗೆ ಹೊಳೆದಿತ್ತು.

ದಸ್ತಗಿರಿ ಓದಿದ. ‘ಸಾರ್, ಹಿಂಗ ಬರದ್ರ ಯಾರು ಬೇಕಾದ್ರೂ ಕಾಪಿ ಮಾಡಬಹುದು ಅಂತ ಆಗತೈತಿ. ಆಮ್ಯಾಲ ನಾ ಬ್ಯಾಡ ಅಂದ್ರ ಯಾರೂ ಕೇಳಂಗಿಲ್ಲ.’

‘ಗೊತ್ತದ.’

‘ಬಳ್ಳಾರಿಯವ್ರು?’

‘ಮಾಡಪಾ ದಸ್ತಗಿರಿ’ ಎಂದ ಸೇತು. ‘ಎಷ್ಟು ಮಂದಿಗೆ ಬೇಕೋ ಅಷ್ಟು ಮಂದಿಗೆ ಮಾಡಿ ಕೊಡು. ಎಲ್ಲಾರ ಗ್ವಾಡಿ ಮ್ಯಾಲೂ ಇದ ಇರಬೇಕು. ಇಲ್ಲಾಂದ್ರ ನಮ್ಮಮ್ಮ ನಂಬೂದಿಲ್ಲ.’

ದಸ್ತಗಿರಿ ಮಾಡಿದ. ನನ್ನ ಕಣ್ಣಿಗೆ ಆ ಹೊತ್ತಿನಲ್ಲಿ ಸೇತು ಮನೆ ಮಾರಿ ಬೀಗದ ಕೈ ಕೊಡುವವನ ಹಾಗೆ ಕಂಡ. ಆ ಪ್ರೋಗ್ರಾಮು ಆಮೇಲೆ ಎಲ್ಲೆಲ್ಲಿಗೆ ಹೋಯಿತೋ. ಎಷ್ಟೋ ವರ್ಷದ ಮೇಲೆ ರಾಯಚೂರಿನ ಒಂದು ಮನೆಯಲ್ಲಿ ಏಕಾದಶಿಯ ಸಾಲಿನ ಮುಂದೆ ಆ ಮಾತನ್ನು ನಾನೇ ಓದಿದ್ದೇನೆ. ಮಾಡಿದವರು ಯಾರೆಂದು ಕೇಳಿದೆ. ಮನೆಯವರು, ಯಾರೋ ಕಾಶಿಯ ಪಂಡಿತರು ಎಂದರು.

ಊರು ಹೊಸ ಹಾಳೆಯನ್ನು ಕಣ್ಣಿಗೊತ್ತಿಕೊಂಡಿತು. ಹೋದ ತಿಂಗಳು ಬಾರದು, ಈ ತಿಂಗಳು ಬಹುದು, ಯಾಕೆ ಎಂದು ಯಾರೂ ಸೇತುವನ್ನು ಕೇಳಲಿಲ್ಲ. ಅಧಿಕ ಮುಗಿಯಿತಲ್ಲ, ಅದಕ್ಕೇ, ಎಂದು ತಾವೇ ಹೇಳಿಕೊಂಡರು. ಜಯತೀರ್ಥಾಚಾರ್ಯರು ಮಾತ್ರ ಮೂರು ದಿನ ಮನೆಯಿಂದ ಹೊರಗೆ ಬರಲಿಲ್ಲ. ನಿಜ ಜ್ಯೇಷ್ಠದ ಶುದ್ಧ ಏಕಾದಶಿ ಹೇಗೂ ನಿರ್ಜಲ, ನೀರೂ ಮುಟ್ಟುವಂತಿಲ್ಲ. ಅವತ್ತು ಮಳೆ ಬಿದ್ದು ತಂಪಾಗಿದ್ದದ್ದರಿಂದ ಅತ್ತೆ ಹೇಗೋ ದಾಟಿದಳು. ಬಹುಳ ಏಕಾದಶಿಯ ಬೆಳಿಗ್ಗೆ ಕಣ್ಣು ಬಿಡುವ ಮೊದಲೇ ಬೀದಿಯ ತುಂಬ ಕಾಫಿಯ ವಾಸನೆ. ನಾನು ನಮ್ಮ ಮನೆಯಲ್ಲಿ ಒಂದು ಲೋಟ ಮುಗಿಸಿ, ಅತ್ತೆ ಕುಡಿಯುತ್ತಾಳೋ ಇಲ್ಲವೋ ನೋಡೋಣವೆಂದು ಆ ಮನೆಗೆ ಹೋದೆ. ಫಿಲ್ಟರಿನಿಂದ ಡಿಕಾಕ್ಷನ್ ಇಳಿಯುತ್ತಿತ್ತು. ಜಗಲಿಯ ಮೇಲೆ ಬಳ್ಳಾರಿಯ ಮುದ್ರಕರು ಕೂತಿದ್ದರು.

ಅವರ ಕಣ್ಣು ಗೋಡೆಯ ಹಾಳೆಯ ಮೇಲಿತ್ತು. ಪ್ರೆಸ್ಸಿನವರಿಗೆ ಕಾಪಿ ಎಂದರೆ ಒಂದೇ ಅರ್ಥ. ‘ಏನ್ರಿ ಇದು? ಕಾಪಿ ಮಾಡಬಹುದು ಅಂತ ನೀವ ಬರದೀರಿ. ಹಿಂಗಾದ್ರ ನಾ ಕೊಳ್ಳೂದೇನು? ನಾಳೆ ಇನ್ನೊಬ್ಬ ಪ್ರೆಸ್ಸಿನವ ಮಾಡತಾನ, ನನ್ನ ಕ್ಯಾಲೆಂಡರಿಗೆ ಬೆಲೆ ಏನ ಉಳೀತು?’ ಎಂದರು. ಸೇತು ಏನೋ ಹೇಳಿದ. ಅವರಿಗೆ ಕೇಳಿಸಲಿಲ್ಲ. ಅತ್ತೆ ಒಳಗಿನಿಂದ ಲೋಟ ತಂದು ಅವರ ಮುಂದಿಟ್ಟಳು. ಕಾಫಿ ಬಹಳ ಚೆನ್ನಾಗಿದೆ ಎಂದು ಹೊಗಳಿ, ಕುಡಿದು, ಕೊಡೆ ಹಿಡಿದು ಬಸ್ಸಿಗೆ ಹೊರಟುಹೋದರು.

ಅತ್ತೆ ಬಾಗಿಲಿಗೆ ಒರಗಿ ನಿಂತಳು. ‘ಏನಂದ್ರು?’

‘ಬ್ಯಾಡಂತ’ ಎಂದ ಸೇತು.

‘ಹೆಸರು ಹಾಕಸ್ತೀನಿ ಅಂದಿದ್ರಲ್ಲೋ.’

ನಾನು ತಡೆದುಕೊಳ್ಳಲಾರದೆ, ‘ಎಲ್ಲಿ ಹಾಕಸ್ತಾರ, ಅತ್ಯಾ? ನಿನ್ನ ಕಾಪಿ ಸಲುವಾಗಿ ತನ್ನ ಪ್ರೋಗ್ರಾಮ ಊರಿಗೆಲ್ಲಾ ದಾನ ಮಾಡಿ ಬಂದಾನ. ಅದು ನಕಲು ಅಂತ ಎಷ್ಟು ಹೇಳಿದ್ರೂ ನೀ ಕೇಳಲಿಲ್ಲ’ ಎಂದು ಬೈದೆ.

ಅವಳು ಮಗನ ಕಡೆ ತಿರುಗಿದಳು. ‘ನಕಲು ಅಂತ ನನಗ ಮೊದಲ ದಿನಾನ ತಿಳದಿತ್ತೋ’ ಎಂದಳು. ‘ಪರೀಕ್ಷಾದಾಗ ಹುಡುಗರು ಹೊಡೆಯೋ ಕಾಪಿ ನಾ ಕೇಳಿಲ್ಲೇನು? ನಾನೇನು ಅಷ್ಟು ದಡ್ಡಿನಾ?’

‘ಮತ್ತ ಯಾಕ ಬಿಟ್ಟಿ, ಅಮ್ಮಾ?’

‘ಹುಟ್ಟಿದಾಗಿಂದ ನಿನ್ನ ಮಾತು ಒಬ್ಬರರೆ ಕೇಳ್ಯಾರೇನೋ? ನೀ ಬರದದ್ದು ಒಂದು ಮಾತು, ಬೀದಿಗೆ ಬೀದಿನ ಕೇಳಲಿಕ್ಕೆ ಹತ್ತಿತ್ತು. ಆಚಾರ್ರು ಕೇಳಿದ್ರು, ಕೋಸಗ್ಯಾಗ ಕೇಳಿದ್ರು. ಹೆತ್ತಾಕಿನ ಕೇಳಲಿಲ್ಲ ಅಂತ ಮಂದಿ ಅನ್ನಬಾರದಲ್ಲಪಾ.’

ನನಗೆ ಕಣ್ಣಲ್ಲಿ ನೀರು ಬಂತು, ನಾಚಿಕೆಯಿಲ್ಲದೆ ಹೇಳುತ್ತೇನೆ. ಅತ್ತೆ ಒಳಗೆ ಹೋಗಿ ಇನ್ನೆರಡು ಲೋಟ ಬೆರೆಸಿ ತಂದಳು. ಒಂದನ್ನು ಮಗನ ಕೈಗೆ ಕೊಟ್ಟಳು, ಇನ್ನೊಂದನ್ನು ಹಿಡಿದು ಅವನ ಪಕ್ಕದಲ್ಲೇ ಜಗಲಿಯ ಮೇಲೆ ಕೂತು ಕುಡಿಯತೊಡಗಿದಳು.